ಹಳೆಯ ಫೋನನ್ನು ಮಾರುವ ಮೊದಲು

(ನಮ್ಮ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನಾವು ಮೊದಲು ಹಿಂಜರಿದೆವು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಮುಂಬಯಿಗೆ ಬಂದು, ಹೋಟೆಲಿನ ಮೋರಿಯ ಬಳಿ ಕಪ್ಪುಬಸಿ ತೊಳೆಯುತ್ತ ದೊಡ್ಡವರಾದವರು ನಾವು. ಯಂತ್ರಗಳ ಮೇಲೆ ಉಪನ್ಯಾಸ ಕೊಡುವ ವಿದ್ಯೆ ನಮ್ಮಲ್ಲಿಲ್ಲ. ಆದರೆ ಕಳೆದ ಎರಡು ವರ್ಷಗಳಲ್ಲಿ ಹಳೆಯ ಫೋನಿನ ದೆಸೆಯಿಂದ ನಮ್ಮವರು ಪಟ್ಟ ಪಾಡನ್ನು ಕಣ್ಣಾರೆ ಕಂಡಿದ್ದೇವೆ. ಒಂದು ಪ್ರಕರಣದಲ್ಲಿ ನಮ್ಮ ತಪ್ಪೂ ಇದೆ. ಆದಕಾರಣ ಒಪ್ಪಿಕೊಂಡೆವು.

ನಮ್ಮ ಹಿರಿಯರು ಊರಿನಿಂದ ಬರುವಾಗ ಒಂದು ತಗಡಿನ ಟ್ರಂಕು ತರುತ್ತಿದ್ದರು. ಖೋಲಿಯಲ್ಲಿ ಹತ್ತು ಹದಿನೈದು ಜನ ಮಲಗಿದರೂ ಒಬ್ಬೊಬ್ಬನ ಟ್ರಂಕಿಗೆ ಒಂದೊಂದು ಬೀಗವಿತ್ತು. ಊರಿನ ಕಾಗದ, ಮನಿಯಾರ್ಡರಿನ ರಸೀದಿ, ತಾಯಿಯ ಫೋಟೋ, ಉಳಿಸಿದ ನಾಲ್ಕು ಕಾಸು ಎಲ್ಲವೂ ಅದರಲ್ಲೇ. ಇಂದು ನಮಗೆ ಆ ಟ್ರಂಕು ಎಂದರೆ ಜೇಬಿನ ಫೋನು. ಪಗಾರ ಬರುವುದು ಅದರಲ್ಲಿ, ಊರಿಗೆ ಹಣ ಹೋಗುವುದು ಅದರಿಂದ. ಆಧಾರ್ ಕಾರ್ಡಿನ ಚಿತ್ರ, ಬ್ಯಾಂಕಿನ ಪಾಸ್‌ಬುಕ್ಕಿನ ಚಿತ್ರ, ಮಗಳ ಶಾಲೆಯ ಸರ್ಟಿಫಿಕೇಟು, ಮನೆಯವರ ಮಾತು, ಎಲ್ಲವೂ ಅದರೊಳಗೆ. ಕಾಗದಪತ್ರ ಒಳಗಿರುವಂತೆಯೇ ಟ್ರಂಕನ್ನು ಭಂಗಾರಿನವನಿಗೆ ತೂಗಿ ಕೊಟ್ಟ ಹಿರಿಯರನ್ನು ನಾವು ಕಂಡಿಲ್ಲ. ಫೋನನ್ನಾದರೋ ನಾವು ದಿನವೂ ಹಾಗೆ ಕೊಡುತ್ತಿದ್ದೇವೆ.

ನಡೆದ ಸಂಗತಿ ಹೇಳುತ್ತೇವೆ. ಹೆಸರು ಬೇಡ. ನಮ್ಮ ಹೋಟೆಲಿನಲ್ಲಿ ಕುಂದಾಪುರದ ಕಡೆಯ ಒಬ್ಬ ಹುಡುಗ ಸಪ್ಲಾಯರನಾಗಿದ್ದ. ತಾಯಿಗೆ ಕಾಯಿಲೆ, ಕೈಯಲ್ಲಿ ಕಾಸಿಲ್ಲ. ಒಂಬತ್ತು ಸಾವಿರ ಕೊಟ್ಟು ಕೊಂಡಿದ್ದ ಫೋನನ್ನು ಮಾರುತ್ತೇನೆಂದ. ನಾವೇ ಅವನ ಜತೆಗೆ ಫುಟ್‌ಪಾತಿನ ವ್ಯಾಪಾರಿಯ ಬಳಿಗೆ ಹೋದೆವು. ಅವನು ಸಾವಿರ ರೂಪಾಯಿ ಎಂದ. ನಾವು ಜಗ್ಗಾಡಿ 1,200ಕ್ಕೆ ಏರಿಸಿದೆವು. ಇನ್ನೂರು ರೂಪಾಯಿ ಹೆಚ್ಚು ಕೊಡಿಸಿದೆವೆಂದು ಹೆಮ್ಮೆಪಟ್ಟೆವು. ಫೋನಿನೊಳಗೆ ಏನಿದೆ, ಅಳಿಸಿದೆಯೋ ಇಲ್ಲವೋ ಎಂದು ನಾವೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಸಿಮ್ಮನ್ನು ಮಾತ್ರ ತೆಗೆದು ಒಂದು ಹಳೆಯ ಬಟನ್ ಫೋನಿಗೆ ಹಾಕಿಕೊಂಡ. ಅಷ್ಟಕ್ಕೆ ಎಲ್ಲವೂ ಮುಗಿಯಿತೆಂದು ತಿಳಿದೆವು.

ಮುಗಿದಿರಲಿಲ್ಲ. ಸಿಮ್ಮು ತೆಗೆದ ಮಾತ್ರಕ್ಕೆ ಆಗ ವಾಟ್ಸ್‌ಆಪ್ ನಿಲ್ಲುತ್ತಿರಲಿಲ್ಲ. ಅದೇ ನಂಬರಿನ ಖಾತೆಯನ್ನು ಇನ್ನೊಂದು ಫೋನಿನಲ್ಲಿ ತೆರೆಯುವವರೆಗೆ ಅದು ಹಳೆಯ ಫೋನಿನಲ್ಲಿ ಜೀವಂತವಾಗಿಯೇ ಇರುತ್ತಿತ್ತು. ಮೂರನೆಯ ವಾರ ಊರಿನಲ್ಲಿದ್ದ ಅವನ ಸೋದರಮಾವನಿಗೆ ಸಂದೇಶ ಬಂತು: ಆಸ್ಪತ್ರೆಯಲ್ಲಿದ್ದೇನೆ, ಮಾತನಾಡಲು ಆಗುವುದಿಲ್ಲ, ಈ ನಂಬರಿಗೆ ಹಣ ಕಳಿಸಿ. ಸಂದೇಶ ಹಿಂದಿಯಲ್ಲಿತ್ತು. ಮುಂಬಯಿಯಲ್ಲಿರುವ ಹುಡುಗ, ಯಾರೋ ಜತೆಯವರಿಂದ ಬರೆಸಿರಬೇಕು ಎಂದು ಮಾವ ಎಣಿಸಿದರು. ಸಂದೇಶದ ಮೇಲೆ ಹುಡುಗನ ಫೋಟೋ ಇದೆ, ಹೆಸರು ಇದೆ. ಅನುಮಾನ ಬರುವುದಾದರೂ ಹೇಗೆ? ಡೇರಿಯಿಂದ ಬಂದ ಹಾಲಿನ ಹಣ ಆರು ಸಾವಿರವನ್ನು ಅಂದೇ ಕಳಿಸಿಬಿಟ್ಟರು. ನಾಲ್ಕು ದಿನ ಬಿಟ್ಟು ಆರೋಗ್ಯ ವಿಚಾರಿಸಲು ಕರೆ ಮಾಡಿದಾಗ ಹುಡುಗ ಟೇಬಲ್ಲು ಒರೆಸುತ್ತಿದ್ದ.

ಆ ರಾತ್ರಿ ಅವನು ಊಟ ಮಾಡಲಿಲ್ಲ. "ಅಣ್ಣಾ, ಹಣವನ್ನು ಹೇಗಾದರೂ ತೀರಿಸಿಯೇನು. ನಾನೇ ಸುಳ್ಳು ಹೇಳಿ ತರಿಸಿಕೊಂಡೆ ಅಂತ ಊರಲ್ಲಿ ಒಬ್ಬರು ಅಂದರೂ ನಾನು ಹೇಗೆ ಮುಖ ತೋರಿಸಲಿ?" ಎಂದು ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ. ಮಾವ ಬೇಡವೆಂದರೂ ಕೇಳದೆ ತಿಂಗಳಿಗೆ 500ರಂತೆ ಒಂದು ವರ್ಷ ಕಟ್ಟಿದ. ತಂಗಿಯ ಮದುವೆಯ ಫೋಟೋಗಳು ಈಗ ಯಾರ ಕೈಯಲ್ಲಿವೆಯೋ ನಮಗೆ ತಿಳಿಯದು. ಫುಟ್‌ಪಾತಿನ ವ್ಯಾಪಾರಿಯನ್ನು ಕೇಳಿದರೆ, ಬಂದ ದಿನವೇ ಬೇರೊಬ್ಬರಿಗೆ ಮಾರಿದೆ ಎಂದ. ಅವನ ಮಾತು ನಿಜವೂ ಇರಬಹುದು. ರಸೀದಿ ಇಲ್ಲದ ಮಾಲು ಎಷ್ಟು ಕೈ ದಾಟಿತೆಂದು ಹಿಡಿಯುವವರು ಯಾರು?

ಇಂಥ ಮೋಸವಾದ ತಕ್ಷಣ 1930 ಎಂಬ ನಂಬರಿಗೆ ಕರೆ ಮಾಡಬೇಕೆಂದು ನಮಗೆ ಆಗ ಗೊತ್ತಿರಲಿಲ್ಲ. ಅದು ಸೈಬರ್ ವಂಚನೆಯ ದೂರಿಗಾಗಿ ಸರಕಾರ ಇಟ್ಟಿರುವ ನಂಬರು. ಬೇಗ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಂಭವವುಂಟು. ನಾಲ್ಕು ದಿನ ಕಳೆದ ಮೇಲೆ ಆ ಆಸೆ ಕಡಿಮೆ. ಇದನ್ನು ಈಗಲೇ ಬರೆದಿಟ್ಟುಕೊಳ್ಳಿ.

ಇನ್ನೊಬ್ಬರ ಕಥೆ ಇದಕ್ಕೆ ತಿರುಗುಮುರುಗು. ಅವರು ಮಾರಿದವರಲ್ಲ, ಕೊಂಡವರು. ಬಿಲ್ಲಿಲ್ಲ, ಡಬ್ಬಿಯಿಲ್ಲ, ದರ ಅಗ್ಗ. ತಿಂಗಳೊಪ್ಪತ್ತಿನಲ್ಲಿ ಪೊಲೀಸರಿಂದ ಕರೆ ಬಂತು. ಅದು ಕದ್ದ ಫೋನು. ಮೂರು ದಿನದ ಕೂಲಿ ಬಿಟ್ಟು ಠಾಣೆಗೆ ಅಲೆದು, ಫೋನನ್ನೂ ಒಪ್ಪಿಸಿ, ಕೊಟ್ಟ ಹಣವನ್ನೂ ಕಳೆದುಕೊಂಡರು. ಕದ್ದ ಮಾಲೆಂದು ತಿಳಿದೋ, ಹಾಗೆಂದು ನಂಬಲು ಕಾರಣವಿದ್ದೋ ಅದನ್ನು ಇಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು. ಇದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಲ್ಲಿದೆ. ಬಡವನ ಅಜ್ಞಾನವನ್ನು ಕಾನೂನು ಯಾವಾಗಲೂ ಕ್ಷಮಿಸುವುದಿಲ್ಲ.

ಆದುದರಿಂದ ಮಾಡತಕ್ಕ ಕೆಲಸಗಳನ್ನು ಕ್ರಮವಾಗಿ ಹೇಳುತ್ತೇವೆ. ಅವಸರವಿಲ್ಲದೆ ಕೇಳಿ.

ಎಲ್ಲಕ್ಕೂ ಮೊದಲು, ಮಾರಲೇಬೇಕೇ ಎಂದು ಯೋಚಿಸಿ. ಚಾರ್ಜು ನಿಲ್ಲುವುದಿಲ್ಲವೆಂದು ಫೋನು ಬದಲಾಯಿಸುವವರು ನಮ್ಮಲ್ಲಿ ಬಹಳ. ಅನೇಕ ಸಲ ಬ್ಯಾಟರಿಯೊಂದನ್ನು ಬದಲಿಸಿದರೆ ಅದೇ ಫೋನು ಇನ್ನೂ ಒಂದೆರಡು ವರ್ಷ ನಡೆಯುತ್ತದೆ. ಊರಿನಲ್ಲಿ ಓದುವ ತಮ್ಮನಿಗೋ ಮಗಳಿಗೋ ಆದೀತು. ಕೈಯಲ್ಲಿರುವುದನ್ನು ಬಾಳಿಸುವುದು ನಮಗೆ ಹೊಸ ಪಾಠವೇನಲ್ಲ. ಒಂದೇ ಜೋಡು ಚಪ್ಪಲಿಗೆ ಮೂರು ಸಲ ಹೊಲಿಗೆ ಹಾಕಿಸಿದವರು ನಾವು.

ಮಾರುವುದೇ ಸರಿ ಎಂದಾದರೆ, ಮೊದಲು ಒಳಗಿರುವುದನ್ನು ಬೇರೆಡೆಗೆ ತೆಗೆದಿಡಿ. ಫೋಟೋ, ನಂಬರುಗಳು, ಕಾಗದಪತ್ರ. ಎರಡನೆಯದು, ಹಣ ಕಳಿಸುವ ಆಪ್‌ಗಳನ್ನು ತೆರೆದು ಬ್ಯಾಂಕಿನ ಖಾತೆಯನ್ನು ಅಲ್ಲಿಂದ ತೆಗೆದು ಹೊರಬನ್ನಿ. ಆಪಿನ ಚಿತ್ರವನ್ನು ಒತ್ತಿ ಹಿಡಿದು ಅಳಿಸಿದರೆ ಸಾಕೆಂದು ತಿಳಿಯಬೇಡಿ. ಮೂರನೆಯದು, ವಾಟ್ಸ್‌ಆಪ್ ಖಾತೆಯನ್ನು ಹೊಸ ಫೋನಿಗೆ ಒಯ್ಯಿರಿ. ಬಟನ್ ಫೋನಿಗೆ ಹೋಗುವವರು ಆ ಖಾತೆಯನ್ನೇ ಅಳಿಸಿಬಿಡಿ. ನಾಲ್ಕನೆಯದು, ಗೂಗಲ್ ಖಾತೆಯನ್ನು ಫೋನಿನಿಂದ ತೆಗೆಯಿರಿ; ಐಫೋನ್ ಇದ್ದವರು ಆಪಲ್ ಖಾತೆಯಿಂದ ಹೊರಬನ್ನಿ. ಇದನ್ನು ಮಾಡದೆ ಫೋನನ್ನು ಅಳಿಸಿದರೆ, ಕೊಂಡವನು ತೆರೆಯುವಾಗ ಅದು ನಿಮ್ಮ ಪಾಸ್‌ವರ್ಡನ್ನೇ ಕೇಳಬಹುದು. ಆಗ ಅವನು ನಿಮ್ಮನ್ನು ಹುಡುಕಿಕೊಂಡು ಬರುತ್ತಾನೆ, ಇಲ್ಲವೇ ಕಳ್ಳಮಾಲು ಎಂದು ದೂರುತ್ತಾನೆ.

ಐದನೆಯದು, ಸಿಮ್ಮು ಮತ್ತು ಮೆಮೊರಿ ಕಾರ್ಡು ಎರಡನ್ನೂ ತೆಗೆಯಿರಿ. ಸಿಮ್ಮು ಎಲ್ಲರಿಗೂ ನೆನಪಿರುತ್ತದೆ, ಕಾರ್ಡು ಮರೆಯುತ್ತದೆ. ಫೋನಿನ ಹಿಂದಿನ ಕವರನ್ನೂ ಬಿಚ್ಚಿ ನೋಡಿ. ಎಟಿಎಂ ಕಾರ್ಡು, ಅದರ ಗುಟ್ಟಿನ ನಂಬರು ಬರೆದ ಚೀಟಿ, ದೇವರ ಫೋಟೋ, ಮಡಿಸಿದ ನೂರರ ನೋಟು, ಎಲ್ಲವನ್ನೂ ನಾವು ಅಲ್ಲಿ ಕಂಡಿದ್ದೇವೆ. ಆರನೆಯದು, ಸೆಟ್ಟಿಂಗಿಗೆ ಹೋಗಿ ಫ್ಯಾಕ್ಟರಿ ರೀಸೆಟ್ ಮಾಡಿ. ಫೋನು ತಾನೇ ಬಂದಾಗಿ ಮತ್ತೆ ತೆರೆದುಕೊಂಡು, ಯಾವ ಭಾಷೆ ಬೇಕೆಂದು ಹೊಸ ಫೋನಿನಂತೆ ಕೇಳಬೇಕು. ಹಾಗೆ ಕೇಳಿತೆಂದರೆ ಫೋನಿನೊಳಗೆ ನಿಮ್ಮ ಹೆಸರಿಲ್ಲ. ಅಲ್ಲಿಯವರೆಗೆ ಅಂಗಡಿಯ ಮೆಟ್ಟಿಲು ಹತ್ತಬೇಡಿ. "ಕೊಡಿ, ನಾವೇ ಅಳಿಸಿಕೊಳ್ಳುತ್ತೇವೆ" ಎಂದು ಅಂಗಡಿಯವರು ಹೇಳಿದರೆ ನಗುತ್ತಲೇ ಬೇಡವೆನ್ನಿ.

ಇನ್ನು ಮಾರಾಟದ ಮಾತು. ಒಂದೇ ಅಂಗಡಿಗೆ ಹೋಗದೆ ಎರಡು ಮೂರು ಕಡೆ ದರ ಕೇಳಿ. ಹೊಸ ಫೋನಿಗೆ ಹಳೆಯದನ್ನು ಬದಲು ಕೊಡುವಾಗಲೂ, ಬರಿಯ ಹಳೆಯದಕ್ಕೆ ಹೊರಗೆ ಎಷ್ಟು ಬರುತ್ತದೆಂದು ತಿಳಿದು ಹೋಗಿ. ಮೂಲ ಬಿಲ್ಲು, ಡಬ್ಬಿ ಇದ್ದರೆ ಬೆಲೆ ಹೆಚ್ಚು ಸಿಗುತ್ತದೆ. ಹಾಗಾಗಿ ಕೊಂಡ ದಿನವೇ ಬಿಲ್ಲನ್ನು ಜೋಪಾನ ಮಾಡಿ. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ನಂಬರು ಕಾಣುತ್ತದೆ. ಅದು ಫೋನಿನ ಹುಟ್ಟಿನ ಗುರುತು. ಆ ನಂಬರು, ತಾರೀಖು, ಮೊತ್ತ, ಕೊಳ್ಳುವವರ ಹೆಸರು, ವಿಳಾಸ, ಸಹಿ ಇಷ್ಟನ್ನು ಒಂದು ಕಾಗದದ ಮೇಲೆ ಪಡೆಯಿರಿ. ಕಾಗದ ಕೊಡಲೊಪ್ಪದವನಿಗೆ ಮಾರುವುದು ಬೇಡ. ಐವತ್ತು ರೂಪಾಯಿ ಕಡಿಮೆಯಾದರೂ ಕಾಗದ ಕೊಡುವವನೇ ಲೇಸು.

ಕೊಳ್ಳುವವರಿಗೂ ಒಂದು ಉಪಾಯವಿದೆ. ಸಂದೇಶದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು, ಆ 15 ಅಂಕಿಗಳನ್ನು ಬರೆದು 14422ಕ್ಕೆ ಕಳಿಸಿದರೆ ಆ ಫೋನಿನ ಪೂರ್ವೋತ್ತರ ತಿಳಿಯುತ್ತದೆ. ಕೇಂದ್ರ ಸರಕಾರ 2023ರ ಮೇ ತಿಂಗಳಲ್ಲಿ ತೆರೆದ ಸಂಚಾರ್ ಸಾಥಿ ಎಂಬ ತಾಣದಲ್ಲಿಯೂ ಇದನ್ನು ನೋಡಬಹುದು. ಫೋನು ಕಳೆದರೆ ಪೊಲೀಸ್ ದೂರು ಕೊಟ್ಟು ಅಲ್ಲಿಯೇ ಅದನ್ನು ತಡೆಹಿಡಿಸಲೂ ಬಹುದು. ಯಾರಾದರೂ "ನಂಬರು ಬದಲಾಯಿಸಿ ಕೊಡುತ್ತೇವೆ" ಎಂದರೆ ಅಲ್ಲಿ ನಿಲ್ಲಲೇಬೇಡಿ. 2023ರ ದೂರಸಂಪರ್ಕ ಕಾಯಿದೆಯ ಪ್ರಕಾರ ಐಎಂಇಐ ತಿದ್ದುವುದಕ್ಕೆ ಮೂರು ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿಯವರೆಗೆ ದಂಡವಿದೆ.

ಬಂಧುಗಳೇ, ಇದುವರೆಗೆ ಹೇಳಿದ್ದು ನಡೆಯುವ ಫೋನಿನ ಮಾತು. ಸತ್ತ ಫೋನುಗಳ ಗತಿಯೇನು? ಖೋಲಿಯ ಮಾಳದ ಮೇಲೆ, ಅಕ್ಕಿಡಬ್ಬಿಯ ಹಿಂದೆ ಒಡೆದ ಫೋನು ಒಂದೆರಡಾದರೂ ಇಲ್ಲದ ಮನೆ ಕಡಿಮೆ. ಭಂಗಾರಿನವನು ಬಂದಾಗ ಹಳೆಯ ಪೇಪರು, ಎಣ್ಣೆಡಬ್ಬಿಗಳ ಜತೆಗೆ ಅದನ್ನೂ ಹಾಕುತ್ತೇವೆ. ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗುತ್ತದೆಂದು ನಾವು ಕೇಳುವುದಿಲ್ಲ.

ಒಂದು ಮಧ್ಯಾಹ್ನ, ಹೋಟೆಲಿನ ವಿರಾಮದ ವೇಳೆಯಲ್ಲಿ, ನಾವು ಮೂವರು ನಮ್ಮ ಓಣಿಯ ಭಂಗಾರಿನವನ ಜತೆಗೆ ಅವನು ಮಾಲು ಹಾಕುವ ಗಲ್ಲಿಗೆ ಹೋದೆವು. ಒಂದು ತಗಡಿನ ಮರೆಯಲ್ಲಿ ಹದಿನೈದು ಹದಿನಾರರ ಒಬ್ಬ ಹುಡುಗ ಕೂತು ಫೋನು ಒಡೆಯುತ್ತಿದ್ದ. ಗಾಜು ಒಂದು ಕಡೆ, ಬ್ಯಾಟರಿ ಒಂದು ಕಡೆ, ಹಸಿರು ಹಲಗೆ ಒಂದು ಕಡೆ. ಕೈಗೆ ಚೀಲವಿಲ್ಲ, ಮೂಗಿಗೆ ಬಟ್ಟೆಯಿಲ್ಲ. ಬೆರಳ ತುದಿಗಳು ಸುಟ್ಟು ಕಪ್ಪಾಗಿದ್ದವು. ಹಿಂದೆ ಇನ್ನೊಬ್ಬ ತಂತಿಯ ರಾಶಿಗೆ ಬೆಂಕಿ ಕೊಟ್ಟಿದ್ದ. ಮೇಲಿನ ಪ್ಲಾಸ್ಟಿಕ್ಕು ಉರಿದುಹೋದರೆ ಒಳಗಿನ ತಾಮ್ರ ಸಿಗುತ್ತದೆ. ಆ ಹೊಗೆಯಲ್ಲಿ ನಮಗೆ ಎರಡು ನಿಮಿಷ ನಿಲ್ಲಲಾಗಲಿಲ್ಲ. ಹಸಿರು ಹಲಗೆಗಳನ್ನು ಇಲ್ಲಿ ಏನೂ ಮಾಡುವುದಿಲ್ಲ, ದೆಹಲಿಯ ಕಡೆಗೆ ಹೋಗುತ್ತವೆ ಎಂದರು. ದೆಹಲಿಯ ಸೀಲಂಪುರ ಈ ಕೆಲಸಕ್ಕೆ ದೇಶದಲ್ಲೆಲ್ಲ ಹೆಸರಾದ ಜಾಗ. ಹಲಗೆಗಳನ್ನು ಆಮ್ಲದಲ್ಲಿ ಅದ್ದಿ ಚಿನ್ನ, ತಾಮ್ರ ಬಿಡಿಸುವುದು, ಉಳಿದ ಆಮ್ಲವನ್ನು ಚರಂಡಿಗೆ ಚೆಲ್ಲುವುದು ಇಂಥ ಕಡೆಗಳಲ್ಲಿ ನಡೆಯುವ ಕ್ರಮ. ಸೀಸದ ಧೂಳು, ಸುಟ್ಟ ಪ್ಲಾಸ್ಟಿಕ್ಕಿನ ವಿಷ, ಎಲ್ಲವೂ ಮೊದಲು ಹೋಗುವುದು ಆ ಕೆಲಸಗಾರನ ಎದೆಯೊಳಕ್ಕೆ.

ಆ ಹುಡುಗನನ್ನು ನೋಡಿ ನಮಗೆ ನಮ್ಮ ಬಾಲ್ಯ ನೆನಪಾಯಿತು. ಅದೇ ವಯಸ್ಸಿನಲ್ಲಿ ನಮ್ಮ ಬೆರಳುಗಳೂ ಸೋಡಾಪುಡಿಯ ನೀರಿನಲ್ಲಿ ಬೆಂದು ಬಿರಿದಿದ್ದವು. ಆದುದರಿಂದ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇವೆ: ಭಂಗಾರಿನವನನ್ನಾಗಲಿ ಆ ಹುಡುಗನನ್ನಾಗಲಿ ಹಳಿಯಲು ನಾವು ನಿಂತಿಲ್ಲ. ಅವರೂ ದುಡಿದು ತಿನ್ನುವವರು. ಈ ನಗರ ಕೊಳೆತು ನಾರದಿರುವುದು ಅವರಿಂದ. ಅವರ ಕೈಗೆ ವಿಷ ಕೊಟ್ಟು ಲಾಭ ಮಾತ್ರ ಬೇರೆಯವರು ಎಣಿಸಿಕೊಳ್ಳುವುದು ಅನ್ಯಾಯ ಎಂಬುದೇ ನಮ್ಮ ವಾದ.

ಏಕೆಂದರೆ ಸತ್ತ ಫೋನಿನಲ್ಲಿ ಲಾಭವಿದೆ. ಅದರಲ್ಲಿ ತಾಮ್ರವಿದೆ, ಬೆಳ್ಳಿಯಿದೆ, ಚಿನ್ನದ ಅಂಶವಿದೆ. ಬ್ಯಾಟರಿಯಲ್ಲಿ ಲಿಥಿಯಂ, ಕೋಬಾಲ್ಟ್ ಇವೆ. ಜಪಾನಿನವರು ತಮ್ಮ ಒಲಿಂಪಿಕ್ ಕ್ರೀಡೆಗಾಗಿ 2017ರಿಂದ 2019ರವರೆಗೆ ಜನರಿಂದ ಹಳೆಯ ಫೋನು, ಯಂತ್ರಗಳನ್ನು ಕೇಳಿ ಪಡೆದರು. ಸುಮಾರು 62 ಲಕ್ಷ ಫೋನುಗಳೂ, ಒಟ್ಟು 79 ಸಾವಿರ ಟನ್ನಿನಷ್ಟು ಸಣ್ಣಪುಟ್ಟ ಯಂತ್ರಗಳೂ ಸೇರಿದವು. ಅವುಗಳಿಂದ ಸುಮಾರು 32 ಕಿಲೋ ಚಿನ್ನ, 3,500 ಕಿಲೋ ಬೆಳ್ಳಿ, 2,200 ಕಿಲೋ ಕಂಚಿನ ಲೋಹ ತೆಗೆದರು. 2021ರಲ್ಲಿ ನಡೆದ ಆ ಟೋಕಿಯೋ ಕ್ರೀಡೆಯ ಸುಮಾರು 5,000 ಪದಕಗಳೆಲ್ಲ ಅದರಿಂದಲೇ ಆದವು. ನಮ್ಮ ನೀರಜ್ ಚೋಪ್ರಾ ಈಟಿ ಎಸೆದು ಗೆದ್ದು ಕೊರಳಿಗೆ ಹಾಕಿಕೊಂಡ ಪದಕದಲ್ಲಿಯೂ ಯಾರೋ ಬಿಟ್ಟುಕೊಟ್ಟ ಹಳೆಯ ಸಾಮಾನಿನ ಲೋಹವಿದೆ. ಸರಿಯಾದ ಕಾರ್ಖಾನೆಯಲ್ಲಿ, ಸರಿಯಾದ ರಕ್ಷಣೆಯೊಂದಿಗೆ ಮಾಡಿದರೆ ಈ ಕೆಲಸ ಹೀಗೂ ನಡೆಯುತ್ತದೆ. ಆದರೆ 2022ರಲ್ಲಿ ಇಡೀ ಲೋಕದಲ್ಲಿ ಎದ್ದ 6 ಕೋಟಿ 20 ಲಕ್ಷ ಟನ್ ಎಲೆಕ್ಟ್ರಾನಿಕ್ ಕಸದಲ್ಲಿ ನೂರಕ್ಕೆ 22 ಪಾಲಿಗೆ ಮಾತ್ರ ಸರಿಯಾಗಿ ಸಂಗ್ರಹವಾಗಿ ಸಂಸ್ಕರಣೆಯಾದ ಲೆಕ್ಕ ಸಿಗುತ್ತದೆಂದು ವಿಶ್ವಸಂಸ್ಥೆಯವರ 2024ರ ವರದಿ ಹೇಳುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿಲ್ಲವೆಂದಲ್ಲ. 2012ರ ಮೇ 1ರಿಂದಲೂ ನಿಯಮವಿದೆ. ಕಾಕತಾಳೀಯವೋ ಏನೋ, ಅದು ನಮ್ಮ ಕಾರ್ಮಿಕ ದಿನವೇ ಜಾರಿಗೆ ಬಂತು. ಈಗ ನಡೆಯುತ್ತಿರುವುದು 2022ರ ಇ-ತ್ಯಾಜ್ಯ ನಿಯಮಗಳು; 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇವುಗಳ ಮೂಲ ಮಾತು ಇಷ್ಟು: ಫೋನನ್ನು ತಯಾರಿಸಿ ಪೇಟೆಗೆ ಬಿಟ್ಟ ಕಂಪನಿಯೇ ಅದರ ಕೊನೆಯ ಸಂಸ್ಕಾರಕ್ಕೂ ಹೊಣೆ. ಕೆಲವು ವರ್ಷ ಹಿಂದೆ ಮಾರಿದ ಮಾಲಿನ ತೂಕಕ್ಕೆ ಹೊಂದಿಕೊಂಡು ಇಂತಿಷ್ಟು ಪಾಲನ್ನು ನೋಂದಾಯಿತ ಕಾರ್ಖಾನೆಗಳ ಮೂಲಕ ಸಂಸ್ಕರಿಸಿದ್ದೇವೆಂದು ಕಂಪನಿ ತೋರಿಸಬೇಕು. ಮೊದಲೆರಡು ವರ್ಷ ನೂರಕ್ಕೆ 60, 2025-26ರಿಂದ 70, 2027-28ರಿಂದ 80. ಇನ್ನೊಂದು ಮಾತು ನಮಗೆ ಮುಖ್ಯವಾದದ್ದು. ಈ ಕಸ ಬಿಡಿಸುವ ಕಾರ್ಮಿಕರಿಗೆ ತರಬೇತಿ ಕೊಡುವುದು, ಅವರ ಆರೋಗ್ಯ ಮತ್ತು ಸುರಕ್ಷತೆ ಕಾಯುವುದು ರಾಜ್ಯ ಸರಕಾರದ ಕರ್ತವ್ಯವೆಂದೂ ಆ ನಿಯಮಗಳಲ್ಲೇ ಬರೆದಿದೆ. ಆ ತಗಡಿನ ಮರೆಯ ಹುಡುಗನಿಗೆ ಅದನ್ನು ಯಾರೂ ಓದಿ ಹೇಳಿಲ್ಲ. ಕನಿಷ್ಠ ವೇತನದ ಕಾನೂನಿದ್ದರೂ ಹೋಟೆಲು ಹುಡುಗರಿಗೆ ಅದನ್ನು ಯಾರೂ ಓದಿ ಹೇಳದಿದ್ದ ಕಾಲ ನಮಗೆ ಚೆನ್ನಾಗಿ ನೆನಪಿದೆ. ಸಂಘಗಳು ಹುಟ್ಟಿದ್ದು ಅದಕ್ಕಾಗಿಯೇ ಅಲ್ಲವೇ?

ಹಾಗಾದರೆ ಸತ್ತ ಫೋನನ್ನು ಎಲ್ಲಿಗೆ ಕೊಡಬೇಕು? ಫೋನಿನ ಕಂಪನಿಯ ಸೇವಾಕೇಂದ್ರವನ್ನು ಕೇಳಿ; ಹಳೆಯದನ್ನು ಎಲ್ಲಿ ಒಪ್ಪಿಸಬೇಕೆಂದು ಹೇಳುವುದು ಅವರ ಕೆಲಸ, ನಮ್ಮ ಮೇಲಿನ ಉಪಕಾರವಲ್ಲ. ನೋಂದಾಯಿತ ಸಂಸ್ಕರಣಾ ಕಾರ್ಖಾನೆಗಳ ಪಟ್ಟಿ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ದೊರೆಯುತ್ತದೆ. ಫೋನು ತೆರೆಯುವುದೇ ಇಲ್ಲವಾದರೆ ಒಳಗಿನದನ್ನು ನಾವು ಅಳಿಸಲಾರೆವು. ಆಗ ಸಿಮ್ಮು, ಕಾರ್ಡು ತೆಗೆದು, ಬೇರೆ ಫೋನಿನಿಂದ ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಿಸಿ, ಹಳೆಯ ಫೋನನ್ನು ಖಾತೆಯಿಂದ ಹೊರಹಾಕಬೇಕು. ಅಂಥ ಫೋನನ್ನು ಫುಟ್‌ಪಾತಿಗೆ ಕೊಡಲೇಕೂಡದು. ರಿಪೇರಿಯಾದೊಡನೆ ನಿಮ್ಮ ಟ್ರಂಕು ಅವನ ಮುಂದೆ ತೆರೆದುಕೊಳ್ಳುತ್ತದೆ. ಬ್ಯಾಟರಿ ಉಬ್ಬಿದ್ದರೆ ಅದನ್ನು ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ, ಒತ್ತಬೇಡಿ, ಹಾಸಿಗೆಯ ಹತ್ತಿರ ಇಡಬೇಡಿ, ಕಸದ ಡಬ್ಬಿಗೆ ಎಸೆಯಬೇಡಿ. ಹತ್ತು ಜನ ಮಲಗುವ ಖೋಲಿಯಲ್ಲಿ ಅದರಿಂದ ಬೆಂಕಿಯೆದ್ದರೆ ಓಡಲು ಬಾಗಿಲು ಒಂದೇ.

ಒಂಟಿಯಾಗಿ ಇಷ್ಟೆಲ್ಲ ಮಾಡುವುದು ಕಷ್ಟವೆಂದು ನಾವು ಬಲ್ಲೆವು. ಹದಿನಾಲ್ಕು ತಾಸು ದುಡಿದವನಿಗೆ ಮಂಡಳಿಯ ಪಟ್ಟಿ ಹುಡುಕುವ ತ್ರಾಣವೆಲ್ಲಿ? ಆದುದರಿಂದ ಸಭೆಯ ಮುಂದೆ ಮೂರು ಸೂಚನೆ ಇಡುತ್ತೇವೆ.

ಒಂದು: ಪ್ರತಿ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ 3ರಿಂದ 5ರವರೆಗೆ, ಹೋಟೆಲಿನ ವಿರಾಮದ ವೇಳೆಯಲ್ಲಿ, ಸಂಘದ ಕಚೇರಿಯಲ್ಲಿ ಇಬ್ಬರು ತಿಳಿದ ಹುಡುಗರು ಕೂರಲಿ. ಮಾರುವವರ ಫೋನನ್ನು ಅವರ ಕಣ್ಣೆದುರೇ, ಅವರ ಕೈಯಿಂದಲೇ ಅಳಿಸುವುದನ್ನು ಕಲಿಸಲಿ. ಹುಡುಗರು ಯಾರ ಪಾಸ್‌ವರ್ಡನ್ನೂ ಕೇಳಕೂಡದು, ಯಾರೂ ಹೇಳಕೂಡದು.

ಎರಡು: ಮಾರಾಟದ ಕಾಗದದ ಒಂದು ನಮೂನೆಯನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅಚ್ಚು ಮಾಡಿಸಿ ಸದಸ್ಯರಿಗೆ ಕೊಡೋಣ.

ಮೂರು: ಸತ್ತ ಫೋನುಗಳನ್ನು ವರ್ಷಕ್ಕೆರಡು ಸಲ ಒಂದು ದಿನ ಗೊತ್ತುಮಾಡಿ ಒಟ್ಟುಗೂಡಿಸಿ, ಕಚೇರಿಯಲ್ಲಿ ಪೇರಿಸಿಡದೆ ಅಂದೇ ನೋಂದಾಯಿತ ಕಾರ್ಖಾನೆಯವರಿಗೆ ಒಪ್ಪಿಸಿ ರಸೀದಿ ಪಡೆಯೋಣ. ಏನಾದರೂ ಹಣ ಬಂದರೆ ಮಕ್ಕಳ ಪುಸ್ತಕದ ನಿಧಿಗೆ ಸೇರಲಿ. ಜತೆಗೆ ನಮ್ಮ ಓಣಿಯ ಭಂಗಾರಿನವರನ್ನೂ ಆ ದಿನ ಕರೆಯೋಣ. ನಿಯಮದಲ್ಲಿ ಅವರಿಗೆ ಬರೆದಿರುವ ಹಕ್ಕನ್ನು ಅವರಿಗೆ ಓದಿ ಹೇಳೋಣ. ಕೇಳಿ ಏನು ಮಾಡುವರೆಂಬುದು ಅವರಿಗೆ ಬಿಟ್ಟದ್ದು.

ನಾವು 1,200 ರೂಪಾಯಿಗೆ ಮಾರಿಸಿದ ಆ ಫೋನಿನ ಋಣ ಇನ್ನೂ ನಮ್ಮ ತಲೆಯ ಮೇಲಿದೆ. ಆ ಹುಡುಗ ಈಗ ಬೇರೆ ಹೋಟೆಲಿನಲ್ಲಿದ್ದಾನೆ; ಇಂದು ಸಭೆಗೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಭಾನುವಾರ ಕೂರುವ ಇಬ್ಬರಲ್ಲಿ ಒಬ್ಬನಾಗಲು ತಾನೇ ಮುಂದೆ ಬಂದಿದ್ದಾನೆ. ಇನ್ನೊಬ್ಬರು ಯಾರೆಂದು ತಾವು ಹೇಳಬೇಕು.